ಬಂಡೆಯ ಮೇಲಿನ ಕೆಂಪು ಗುರುತುಗಳು

ಬಸ್ಸಿನಿಂದ ಇಳಿದಾಗ ಅಂಗಡಿ ಜಗಲಿಯ ಮೇಲೆ ಕೂತಿದ್ದವರು ನನ್ನ ಮುಖ ನೋಡಲಿಲ್ಲ, ಬ್ಯಾಗು ನೋಡಿದರು. ಬ್ಯಾಗಿನ ಪಕ್ಕದ ಜೇಬಿನಿಂದ ಪೇಂಟು ಬಳಿಯುವ ಬ್ರಷ್ಷಿನ ಹಿಡಿ ಇಣುಕುತ್ತಿತ್ತು. ಒಬ್ಬ ಇನ್ನೊಬ್ಬನ ಮೊಣಕೈಗೆ ತಿವಿದ. ಅಲ್ಲಿಯವರೆಗೆ ಜೋರಾಗಿ ನಡೆಯುತ್ತಿದ್ದ ಮಾತು ನಿಂತುಹೋಯಿತು. ನಾನು ಬೀದಿಯ ತಿರುವು ದಾಟಿದ ಮೇಲೆ ಮತ್ತೆ ಶುರುವಾಯಿತು, ಆದರೆ ಪಿಸುದನಿಯಲ್ಲಿ. ಇವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ನನಗೆ ಆಗಲೇ ಅನ್ನಿಸಿತು.

ಮೊಸರಲ್ಲಿ ಕಲ್ಲು ಹುಡುಕುವವಳು ಎಂದು ಮನೆಯಲ್ಲಿ ನನ್ನನ್ನು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಚಾರಣದ ದಾರಿ ಗೊತ್ತುಮಾಡುವ ಕೆಲಸಕ್ಕೆ ಆ ಗುಣ ಇಲ್ಲದಿದ್ದರೆ ಆಗುವುದಿಲ್ಲ. ಗಟ್ಟಿಯಾಗಿ ಕಾಣುವ ಕಲ್ಲು ಕಾಲಿಟ್ಟರೆ ಉರುಳುತ್ತದೆ. ಮಳೆನೀರು ಹರಿದು ಕಪ್ಪಾದ ಪಟ್ಟೆ, ನೋಡಲು ಒಣಗಿದ್ದರೂ, ಇಬ್ಬನಿ ಬಿದ್ದ ಬೆಳಿಗ್ಗೆ ಸೋಪಿನಂತೆ ಜಾರುತ್ತದೆ. ಯಾವುದನ್ನೂ ನಂಬದೆ ಒಮ್ಮೆ ಒದ್ದು ನೋಡಿ ಮುಂದೆ ಹೋಗುವುದೇ ನನ್ನ ಕಸುಬು.

ಈ ಸಲ ಕೆಲಸ ಕೊಟ್ಟಿದ್ದು ಬೆಂಗಳೂರಿನ ಒಂದು ಹೊಸ ಪ್ರವಾಸ ಕಂಪನಿ. ಸಾವನದುರ್ಗದಲ್ಲಿ ಶನಿವಾರ, ಭಾನುವಾರ ಕಾಲಿಡಲು ಜಾಗವಿಲ್ಲ, ಯಾರೂ ಹೋಗದ ಒಂದು ಜಾಗ ಬೇಕು ಎಂದು ಅಲ್ಲಿನ ಮ್ಯಾನೇಜರು ಹೇಳಿದರು. ಊರನ್ನೂ ಅವರೇ ಆರಿಸಿದ್ದರು. ಮಾಗಡಿಯಿಂದ ಕನಕಪುರದ ಕಡೆ ಹೋಗುವ ಒಂದು ಒಳರಸ್ತೆಯಲ್ಲಿ, ಬೆಟ್ಟಗಳ ನಡುವೆ ಎತ್ತರದಲ್ಲಿರುವ ಪುಟ್ಟ ಪೇಟೆ. ಒಂದೇ ಬೀದಿ, ಹಾಲಿನ ಡೇರಿ, ಸೊಸೈಟಿ, ಒಂದು ಹೋಟೆಲ್ಲು. ಬೀದಿಯ ಕೊನೆಗೇ ಬೆಟ್ಟ ಶುರು. ಅದು ಇಡೀ ಒಂದೇ ಬಂಡೆ. ಊರಿನವರು ಅದನ್ನು ಅರೆ ಎನ್ನುತ್ತಾರೆ.

ಮ್ಯಾನೇಜರು ಹೇಳಿದ್ದು ಇಷ್ಟು: ನೆತ್ತಿಗೆ ಒಂದು ದಾರಿ ಗೊತ್ತುಮಾಡಬೇಕು, ತಿರುವುಗಳಲ್ಲಿ ಗುರುತು ಹಾಕಬೇಕು, ಜಿಪಿಎಸ್ ಯಂತ್ರ ಹಿಡಿದು ಬೆಟ್ಟದ ಬುಡವನ್ನೂ ಒಂದು ಸುತ್ತು ಬರಬೇಕು. ಹತ್ತಲಾಗದ ಹಿರಿಯರಿಗೆ ಆ ಸುತ್ತುದಾರಿಯಂತೆ. ನಾನು ಸಾಮಾನ್ಯವಾಗಿ ಬಿಳಿ ಬಣ್ಣದ ಸಣ್ಣ ಬಾಣ ಹಾಕುತ್ತೇನೆ. ಇವರು ಕೆಂಪು ಆಯಿಲ್ ಪೇಂಟಿನ ಡಬ್ಬಿ ಕೊಟ್ಟು, "ಅಂಗೈಯಷ್ಟು ದೊಡ್ಡ ಬೊಟ್ಟು ಇಡಿ. ಪಕ್ಕದಲ್ಲಿ ನಂಬರ್ ಹಾಕಿ," ಎಂದರು. ಕಂಪನಿ ಹೊಸದು, ಅದರ ರೀತಿಯೂ ಹೊಸದು ಅಂದುಕೊಂಡೆ.

ಹೋಟೆಲ್ಲಿನ ಹಿಂದೆ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಹೋಟೆಲ್ ನಡೆಸುವ ಹೆಂಗಸಿಗೆ ಅರವತ್ತರ ಹತ್ತಿರ. ಅವರ ಹೊಲವೂ ಬೆಟ್ಟದ ಬುಡದಲ್ಲೇ. ತಟ್ಟೆ ಇಡ್ಲಿ ಮುಂದಿಟ್ಟು, ಎದುರಿನ ಬೆಂಚಿನ ಮೇಲೆ ಕೂತು ವಿಚಾರಣೆ ಶುರುಮಾಡಿದರು.

"ಒಬ್ಳೇ ಬಂದ್ಯೇನವ್ವ?"

"ಹೂಂ ಅಮ್ಮ. ಬೆಟ್ಟ ನೋಡೋಕೆ."

"ಬೆಟ್ಟ ನೋಡಕ್ಕಾ? ಬೆಟ್ಟದಲ್ಲಿ ಏನೈತೆ? ಬರೀ ಬಂಡೆ. ಬಂಡೆ ನೋಡಕ್ಕೆ ಯಾರಾದ್ರೂ ಬಸ್ ಚಾರ್ಜು ಕೊಟ್ಕೊಂಡ್ ಬತ್ತಾರಾ?"

"ಬರ್ತಾರೆ ಅಮ್ಮ. ಬರೋ ಹಾಗೆ ದಾರಿ ಮಾಡೋದೇ ನನ್ನ ಕೆಲಸ."

"ದಾರಿ ಮಾಡಕ್ಕೆ ಬಂದಿದ್ದೀಯಾ," ಎಂದು ನಿಧಾನವಾಗಿ ಹೇಳಿ ಅವರು ಎದ್ದು ಹೋದರು. ಚಟ್ನಿ ಇನ್ನೊಮ್ಮೆ ಕೇಳಬೇಕೆಂದಿದ್ದೆ, ಧೈರ್ಯವಾಗಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಎಲ್ಲೋ ದೂರದಲ್ಲಿ ಗುಡುಗಿದಂತಾಯಿತು. ಗೂಡಿನಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ನಾನು ಬೆಚ್ಚಿದೆ, ಉಳಿದವರು ಮುದ್ದೆ ಮುರಿಯುತ್ತಲೇ ಇದ್ದರು. ಹೊರಗೆ ಬಂದು ನೋಡಿದರೆ ಕಣಿವೆಯ ಆಚೆ ಇನ್ನೊಂದು ಬೆಟ್ಟ, ಬೆಲ್ಲದ ಅಚ್ಚನ್ನು ಕಚ್ಚಿಟ್ಟ ಹಾಗೆ ಅರ್ಧ ಮಾತ್ರ ನಿಂತಿತ್ತು. ಮೇಲೆ ಬಿಳಿ ದೂಳು ಏಳುತ್ತಿತ್ತು. ಅದು ಕಲ್ಲುಗಣಿ. ಹೋಟೆಲ್ಲಿನ ಗೋಡೆಯಲ್ಲಿ ಸೂರಿನಿಂದ ಕೆಳಗಿನವರೆಗೆ ಬಿರುಕು ಬಿಟ್ಟಿದ್ದ ಜಾಗಕ್ಕೆ ಸಿಮೆಂಟು ಮೆತ್ತಿದ್ದರು. ಆ ಬೆಟ್ಟದಲ್ಲಿ ಮೇಯುತ್ತಿದ್ದ ಕುರಿಗಳೆಲ್ಲ ಈಗ ಈ ಅರೆಗೇ ಬರುತ್ತವೆ ಎಂದು ಊಟಕ್ಕೆ ಕೂತಿದ್ದ ಒಬ್ಬರು ಹೇಳಿದರು. ಇಷ್ಟನ್ನೂ ನಾನು ಮೊದಲ ದಿನವೇ ನೋಡಿದೆ, ಕೇಳಿದೆ. ಆದರೂ ನನ್ನ ಅನುಮಾನವೆಲ್ಲ ಆ ಊರಿನವರ ಮೇಲೆಯೇ ಇತ್ತು.

ದಾರಿ ತೋರಿಸಲು ಒಬ್ಬ ಕುರಿಗಾಹಿ ಒಪ್ಪಿದ. ನಲವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ, ಹೆಗಲ ಮೇಲೆ ಕಂಬಳಿ. ಬೆಳಿಗ್ಗೆ ಬುಡದಿಂದ ಹೊರಟೆವು. ಬಂಡೆಯ ಕೆಳಗಿನ ಹಾಸು ಚಪ್ಪಟೆಯಾಗಿ, ಊರಿನ ಎಲ್ಲರಿಗೂ ಸೇರಿದ ಅಂಗಳದಂತಿತ್ತು. ಒಂದು ಕಡೆ ಹುರುಳಿ ಹರಡಿದ್ದರು. ಇನ್ನೊಂದು ಕಡೆ ರಾಗಿ ಬಡಿಯಲು ಸಗಣಿ ಬಗ್ಗಡ ಸಾರಿಸಿ ಕಣ ಮಾಡಿದ್ದರು. ಅಲ್ಲಿಂದ ಮೇಲಕ್ಕೆ ನೆಟ್ಟಗೆ ಹೋಗುವ ಒಂದು ಒಳ್ಳೆಯ ಏರು ನನ್ನ ಕಣ್ಣಿಗೆ ಬಿತ್ತು. ಕುರಿಗಾಹಿ ಮಾತ್ರ ಎಡಕ್ಕೆ ತಿರುಗಿದ.

"ಈ ಕಡೆಯಿಂದ ಯಾಕೆ ಹೋಗಬಾರದು?" ಎಂದು ಕೇಳಿದೆ.

"ಇತ್ಲಾಗೆ ಏನೂ ಇಲ್ಲ ಕಣವ್ವ. ಹೆಜ್ಜೇನು ಐತೆ."

"ಏನೂ ಇಲ್ಲವೋ, ಹೆಜ್ಜೇನು ಇದೆಯೋ?"

"ಎಲ್ಡೂನು," ಎಂದು ಅವನು ಮುಂದೆ ನಡೆದ.

ಮುಳ್ಳುಪೊದೆಗಳ ನಡುವೆ ಸುತ್ತಿಸಿ, ಬಳಸಿ, ಕೊನೆಗೊಮ್ಮೆ ನೆತ್ತಿಗೆ ಕರೆದುಕೊಂಡು ಹೋದ. ಯಂತ್ರದ ಪರದೆಯಲ್ಲಿ ನಾವು ನಡೆದ ಗೆರೆ ನೋಡಿದರೆ ಒಂದು ಜಾಗವನ್ನು ಬೇಕೆಂದೇ ತಪ್ಪಿಸಿ ಹೋದದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ಇಳಿಯುವಾಗ ಇನ್ನೊಂದು ವಿಷಯ ಗಮನಿಸಿದೆ. ಹಸಿ ಹಿಕ್ಕೆಗಳ ಸಾಲು ಆ ಜಾಗದ ಕಡೆಗೇ ಹೋಗಿತ್ತು. ಕುರಿಗಳೇನೂ ಹೆಜ್ಜೇನು ನೋಡಲು ಹೋಗುವುದಿಲ್ಲವಲ್ಲ. ನನಗೆ ಒಳಗೊಳಗೇ ಸಿಟ್ಟು ಬಂತು. ಇವನು ಏನನ್ನೋ ಬಚ್ಚಿಟ್ಟುಕೊಂಡು ನನ್ನ ಕಾಲು ಸವೆಸುತ್ತಿದ್ದಾನೆ ಅನ್ನಿಸಿತು.

ಮರುದಿನ ಅವನಿಗೆ ಹೇಳದೆ ಒಬ್ಬಳೇ ಹೋದೆ. ಹಿಕ್ಕೆಗಳ ಸಾಲು ಹಿಡಿದು ಎರಡು ದೊಡ್ಡ ಗುಂಡುಕಲ್ಲುಗಳ ನಡುವೆ ನುಸುಳಿದರೆ ಅಲ್ಲೊಂದು ದೊಣೆ. ಬಂಡೆಯಲ್ಲೇ ತಾನಾಗಿ ಆದ ಹೊಂಡ, ಒಳಗೆ ತಿಳಿನೀರು. ಅಂಚಿನಲ್ಲಿ ಕುರಿಗಳ ಗೊರಸು ತಾಗಿ ತಾಗಿ ಕಲ್ಲು ನುಣುಪಾಗಿತ್ತು. ಹೆಜ್ಜೇನು ಎಲ್ಲೂ ಇರಲಿಲ್ಲ. ಒಳ್ಳೆಯ ನೆರಳು, ಸುತ್ತ ಕೂರಲು ಹಾಸು ಬಂಡೆ. ದಾರಿ ಮಾಡುವವಳಿಗೆ ಇದಕ್ಕಿಂತ ಏನು ಬೇಕು? ಕಳ್ಳನನ್ನು ಹಿಡಿದಷ್ಟು ಖುಷಿಯಾಯಿತು ನನಗೆ.

ಅಲ್ಲಿಂದ ಕೆಲಸ ಚುರುಕಾಯಿತು. ಗುರುತು ಹಾಕುವುದಕ್ಕೆ ಒಂದು ಕ್ರಮವಿದೆ. ಒಂದು ಗುರುತಿನ ಹತ್ತಿರ ನಿಂತರೆ ಮುಂದಿನದು ಕಾಣಬೇಕು. ಹತ್ತುವವನಿಗೂ ಕಾಣಬೇಕು, ಇಳಿಯುವವನಿಗೂ ಕಾಣಬೇಕು. ಹಾಗಾಗಿ ಪ್ರತಿ ಗುರುತಿಗೂ ಹಿಂದೆ ಮುಂದೆ ನಡೆದು ನೋಡಬೇಕು. ಬಂಡೆಯನ್ನು ತಂತಿ ಬ್ರಷ್ಷಿನಿಂದ ತಿಕ್ಕಿ, ಹಾವಸೆಯ ಸಿಪ್ಪೆ ಎಬ್ಬಿಸಿ, ಒರೆಸಿ, ಆಮೇಲೆ ಬಣ್ಣ. ಬಿಸಿಲೇರಿದ ಮೇಲೆ ಬಳಿದರೆ ಬಿಸಿ ಕಲ್ಲಿನ ಮೇಲೆ ಬಣ್ಣ ಗುಳ್ಳೆಯೇಳುತ್ತದೆ, ಆದ್ದರಿಂದ ಬೆಳಗಿನ ತಂಪಿನಲ್ಲೇ ಮುಗಿಸಬೇಕು. ಹಾಗೆ ಬುಡದಿಂದ ದೊಣೆಯವರೆಗೆ ಕೆಂಪು ಬೊಟ್ಟುಗಳನ್ನಿಟ್ಟು, ಪಕ್ಕದಲ್ಲಿ ಅಂಕಿ ಬರೆದೆ. ಮಧ್ಯಾಹ್ನ ಯಂತ್ರ ಹಿಡಿದು ಬುಡದ ಸುತ್ತನ್ನೂ ಪೂರೈಸಿದೆ.

ಮಾರನೆಯ ಬೆಳಿಗ್ಗೆ ನೋಡಿದರೆ ಒಂದು ಗುರುತೂ ಇಲ್ಲ.

ಅಳಿಸಿರಲಿಲ್ಲ. ಪ್ರತಿಯೊಂದರ ಮೇಲೂ ಸಗಣಿ ಬಗ್ಗಡ ದಪ್ಪಗೆ ಸಾರಿಸಿದ್ದರು, ಬೆರಳಿನ ಗೆರೆಗಳು ಮೂಡಿದ್ದವು. ಕಣ ಸಾರಿಸುವಷ್ಟೇ ಅಚ್ಚುಕಟ್ಟು. ಅಂಕಿಗಳನ್ನೂ ಬಿಟ್ಟಿರಲಿಲ್ಲ. ನೀರು ಹೊತ್ತು ತಂದು ತೊಳೆದೆ, ಮತ್ತೆ ಬಣ್ಣ ಬಳಿದೆ. ಅದರ ಮಾರನೆಯ ಬೆಳಿಗ್ಗೆ ಮತ್ತೆ ಸಗಣಿ. ಇದು ಕುರಿಗಾಹಿಯದೇ ಕೆಲಸ ಎಂದು ನಾನು ತೀರ್ಮಾನಿಸಿಬಿಟ್ಟೆ. ದೊಣೆ ಬಚ್ಚಿಟ್ಟವನು ಗುರುತು ಬಚ್ಚಿಡುವುದಿಲ್ಲವೇ? ಹೋಟೆಲ್ಲಿನ ಅಮ್ಮನ ಮುಂದೆ ದೂರಿದೆ. ಅವರು ಇಡ್ಲಿ ಬಡಿಸುತ್ತಾ, "ಅಯ್ಯೋ, ಹಂಗಾ? ಯಾರು ಮಾಡವ್ರೋ ಏನೋ," ಎಂದರು. ಆ ದಿನ ಚಟ್ನಿಯನ್ನು ಕೇಳದೆಯೇ ಎರಡು ಸಲ ಹಾಕಿದರು. ಅದು ಕೂಡ ನನಗೆ ಸರಿಕಾಣಲಿಲ್ಲ.

ಮೂರನೆಯ ಸಲ ಬಣ್ಣ ಬಳಿದ ಮೇಲೆ ಹಿಡಿದೇ ತೀರಬೇಕೆಂದು, ಇನ್ನೂ ಬೆಳಕು ಹರಿಯುವ ಮೊದಲು ಹೋಗಿ ಒಂದು ಗುಂಡಿನ ಮರೆಯಲ್ಲಿ ಕೂತೆ. ಬಂಡೆ ತಣ್ಣಗೆ ಕೊರೆಯುತ್ತಿತ್ತು. ಕೆಳಗಿನಿಂದ ಯಾರೋ ಬಕೆಟ್ ಹಿಡಿದು ಏದುಸಿರು ಬಿಡುತ್ತಾ ಹತ್ತಿ ಬಂದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಮೊದಲ ಗುರುತಿನ ಮೇಲೆ ಕೈಯಾಡಿಸಿದರು. ದಿನಾ ನನಗೆ ಇಡ್ಲಿ ಬಡಿಸುತ್ತಿದ್ದ ಕೈ.

"ಅಮ್ಮಾ!" ಎಂದು ಕೂಗಿಕೊಂಡು ಎದ್ದೆ.

ಅವರು ಬೆಚ್ಚಲೂ ಇಲ್ಲ, ಕೈ ನಿಲ್ಲಿಸಲೂ ಇಲ್ಲ. "ಎದ್ದು ಬಂದ್ಯಾ? ಕುಂತ್ಕೋ, ಇನ್ನೊಸಿ ಐತೆ," ಎಂದರು.

"ನಿಮಗೆ ನಾನೇನು ಮಾಡಿದೀನಿ? ನಿಮ್ಮ ಹೋಟೆಲ್ಲಿಗೇ ಜನ ಬರೋ ಹಾಗೆ ಮಾಡ್ತಿದೀನಲ್ಲ!"

ಅವರು ಸೊಂಟ ನೆಟ್ಟಗೆ ಮಾಡಿಕೊಂಡು, ಸಗಣಿಯ ಕೈಯಲ್ಲೇ ಕಣಿವೆಯಾಚೆಯ ಅರ್ಧ ಬೆಟ್ಟವನ್ನು ತೋರಿಸಿದರು. "ಅದ ನೋಡವ್ವ. ಅಲ್ಲೂ ಮೊದ್ಲು ಬಂದಿದ್ದು ಕೆಂಪು ಬಣ್ಣನೇಯ. ಹಿಂಗೇ ಬೊಟ್ಟು, ಪಕ್ಕದಾಗೆ ನಂಬರು. ಏನೋ ಸರ್ವೆ ಅಂತವ ನಾವು ಸುಮ್ಕಿದ್ದೋ. ಬಂದವ್ರಿಗೆ ಮಜ್ಜಿಗೇನೂ ಕೊಟ್ಟೋ. ಆಮ್ಯಾಕೆ ಬೇರೆಯವರು ಬಂದ್ರು, ಕುಳಿ ತೋಡುದ್ರು, ಮದ್ದು ತುಂಬುದ್ರು. ಅಲ್ಲೂ ಒಂದು ದೊಣೆ ಇತ್ತು. ಅದ ಮೊದ್ಲು ತೋರ್ಸಿದ್ದು ಯಾರು ಗೊತ್ತಾ? ನಿನ್ ಜೊತೆ ಬಂದಿದ್ನಲ್ಲ, ಆ ಕುರಿಯವ್ನ ಅಪ್ಪ."

ನಾನು ಜೇಬಿನಿಂದ ಗುರುತಿನ ಚೀಟಿ ತೆಗೆದು ತೋರಿಸಿದೆ. ಮೊಬೈಲಿನಲ್ಲಿ ನಾನು ಮಾಡಿದ ಹಳೆಯ ದಾರಿಗಳ, ಚಾರಣಿಗರ ಫೋಟೋಗಳನ್ನು ತೋರಿಸಿದೆ. ನಗುಮುಖದ ಮಕ್ಕಳು, ಟೋಪಿ ಹಾಕಿದ ಹೆಂಗಸರು. ಅವರು ಎಲ್ಲವನ್ನೂ ಸಾವಧಾನವಾಗಿ ನೋಡಿದರು.

"ನೀನು ಒಳ್ಳೆವ್ಳೇ ಇರ್ಬೋದು. ಕಾರ್ಡು ಅವರತ್ರನೂ ಇತ್ತು," ಎಂದು ಬಕೆಟ್ ಎತ್ತಿಕೊಂಡು ಮುಂದಿನ ಗುರುತಿನ ಕಡೆ ನಡೆದರು.

ನನಗೆ ಅವಮಾನವಾಯಿತು. ಇಷ್ಟು ವರ್ಷ ಬಿಸಿಲಲ್ಲಿ ಬೆಂದು ಮಾಡಿದ ಕೆಲಸಕ್ಕೆ ಕಲ್ಲುಗಣಿಯವರ ಹಣೆಪಟ್ಟಿಯೇ? ನೆತ್ತಿಗೆ ಹೋದರೆ ಮಾತ್ರ ಫೋನು ಸಿಗುತ್ತಿತ್ತು. ಹತ್ತಿಹೋಗಿ ಮ್ಯಾನೇಜರಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಊರಿನವರನ್ನು ಸೇರಿಸಿ ಒಂದು ಸಭೆ ಮಾಡೋಣ, ಕಂಪನಿಯಿಂದ ಯಾರಾದರೂ ಬಂದು ಮಾತಾಡಲಿ, ಗುರುತಿನ ಬಣ್ಣವನ್ನೂ ಬದಲಾಯಿಸೋಣ ಎಂದೆ.

"ಅದೆಲ್ಲ ಬೇಡ ಮೇಡಂ. ಗುರುತು ಹೋದರೆ ಹೋಗಲಿ. ಬುಡದ ಸುತ್ತು ರೆಕಾರ್ಡ್ ಆಗಿದೆಯಲ್ಲ?"

"ಆಗಿದೆ."

"ಅದನ್ನ ಇವತ್ತೇ ಕಳಿಸಿ. ಹತ್ತಿರದ ಮನೆ ಬೆಟ್ಟದಿಂದ ಎಷ್ಟು ದೂರ ಅನ್ನೋದನ್ನೂ ಬರೆಯಿರಿ. ಮತ್ತೆ ಬರುವಾಗ ಒಂದು ತುಂಡು ಕಲ್ಲು ತನ್ನಿ."

"ಕಲ್ಲಾ?"

"ಮುಷ್ಟಿ ಗಾತ್ರದ್ದು ಸಾಕು. ಬಿದ್ದಿರೋದು ಬೇಡ, ಹೊಸದಾಗಿ ಒಡೆದದ್ದು. ಒಳಗಿನ ಬಣ್ಣ ಕಾಣಬೇಕು. ಆಫೀಸಿನಲ್ಲಿ ಶೋಗೆ ಇಡ್ತೀವಿ."

ಫೋನಿಟ್ಟು ಅಲ್ಲೇ ಕೂತೆ. ಎಷ್ಟೋ ಬೆಟ್ಟಗಳಿಗೆ ದಾರಿ ಮಾಡಿದ್ದೇನೆ. ನೀರು ಎಲ್ಲಿದೆ ಎಂದು ಕೇಳಿದ್ದಾರೆ, ಶೌಚಾಲಯ ಎಲ್ಲಿದೆ, ಆಂಬುಲೆನ್ಸ್ ಎಲ್ಲಿಯವರೆಗೆ ಬರುತ್ತದೆ ಎಂದು ಕೇಳಿದ್ದಾರೆ. ಕಲ್ಲಿನ ಒಳಗಿನ ಬಣ್ಣ ಯಾವುದು ಎಂದು ಯಾವ ಚಾರಣಿಗನೂ ಕೇಳಿಲ್ಲ. ಅದು ಬೇಕಾಗುವುದು ಕಲ್ಲು ಮಾರುವವರಿಗೆ, ಮನೆ ಎಷ್ಟು ದೂರ ಎಂಬ ಲೆಕ್ಕ ಬೇಕಾಗುವುದು ಮದ್ದಿಟ್ಟು ಸಿಡಿಸುವವರಿಗೆ. ಈ ಮನುಷ್ಯ ದೊಣೆಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ನೆತ್ತಿಯಿಂದ ಏನು ಕಾಣುತ್ತದೆ ಎಂದು ಕೇಳಿರಲಿಲ್ಲ. ಯಂತ್ರ ತೆಗೆದು ಬುಡದ ಸುತ್ತನ್ನು ನೋಡಿದೆ. ಹೊರಟ ಜಾಗಕ್ಕೇ ವಾಪಸು ಬಂದು ಸುತ್ತು ಕೂಡಿಕೊಂಡರೆ, ಒಳಗೆ ಎಷ್ಟು ಎಕರೆ ಎಂದು ಆ ಯಂತ್ರ ತಾನಾಗಿಯೇ ತೋರಿಸುತ್ತದೆ. ಪರದೆಯ ಮೂಲೆಯಲ್ಲಿ ಅದು ಮೊದಲಿನಿಂದಲೂ ಇತ್ತು. ಹಿರಿಯರ ಸುತ್ತುದಾರಿ ಎಂದು ನಂಬಿ ನಡೆದವಳು ನಾನು. ಇಡೀ ಊರನ್ನೇ ಅನುಮಾನಿಸಿದೆ. ಚಟ್ನಿಯನ್ನೂ ಬಿಡಲಿಲ್ಲ. ನನ್ನನ್ನು ಕಳಿಸಿದವರನ್ನು ಮಾತ್ರ ಒಮ್ಮೆಯೂ ಒದ್ದು ನೋಡಿರಲಿಲ್ಲ.

ಇದು ಬರೀ ನನ್ನ ಅನುಮಾನವೇ ಇರಬಹುದು ಎಂದೂ ಯೋಚಿಸಿದೆ. ಕಲ್ಲು ನಿಜವಾಗಿಯೂ ಶೋಗೇ ಇದ್ದರೆ? ಕೆಳಗೆ ಹಾಸಿನ ಮೇಲೆ ಹೆಂಗಸರು ಹುರುಳಿಯನ್ನು ಕಾಲಿನಿಂದ ತಿರುವಿ ಒಣಗಿಸುತ್ತಿದ್ದರು. ದೊಣೆಯ ಕಡೆಯಿಂದ ಕುರಿಗಳ ಸದ್ದು ಬರುತ್ತಿತ್ತು. ನಾನು ತಪ್ಪಿದರೆ ಕಂಪನಿಗೆ ಒಂದು ದಾರಿ ನಷ್ಟ. ಮ್ಯಾನೇಜರು ಸುಳ್ಳು ಹೇಳಿದ್ದರೆ ಈ ಅರೆಯೇ ಇರುವುದಿಲ್ಲ. ಯಂತ್ರದಿಂದ ಆ ಸುತ್ತನ್ನು ಅಳಿಸಿದೆ. ಆಮೇಲೆ ಮತ್ತೆ ಫೋನು ಮಾಡಿದೆ.

"ಸುತ್ತು ಕಳಿಸೋದಿಲ್ಲ ಸರ್. ಈ ಬೆಟ್ಟಕ್ಕೆ ಊರಿನವರ ಒಪ್ಪಿಗೆ ಇಲ್ಲ."

"ಒಪ್ಪಿಗೆ ಕೇಳಿ ಅಂತ ನಿಮಗೆ ಯಾರು ಹೇಳಿದ್ದು?"

"ಕಲ್ಲು ಯಾರಿಗೆ ಸರ್?"

"ನಿಮ್ಮ ಕೈಲಿ ಆಗದಿದ್ದರೆ ಬಿಡಿ. ಬೇರೆಯವರನ್ನ ಕಳಿಸ್ತೀವಿ," ಎಂದು ಫೋನಿಟ್ಟರು. ನನ್ನ ಪ್ರಶ್ನೆಗೆ ಉತ್ತರ ಇವತ್ತಿಗೂ ಸಿಕ್ಕಿಲ್ಲ. ಆ ಕಂಪನಿ ಮತ್ತೆ ನನ್ನನ್ನು ಕರೆಯಲೂ ಇಲ್ಲ.

ನಡೆದದ್ದನ್ನು ಹೋಟೆಲ್ಲಿನಲ್ಲಿ ಹೇಳುವುದೇ ಕಷ್ಟವಾಯಿತು. ಅಮ್ಮ ಒಲೆಯ ಮುಂದಿದ್ದರು. ಕುರಿಗಾಹಿ ಬಾಗಿಲಲ್ಲಿ ನಿಂತು ಕಾಫಿ ಕುಡಿಯುತ್ತಿದ್ದ. ಬುಡದ ಸುತ್ತು, ಎಕರೆ, ಮನೆಯ ದೂರ, ಒಡೆದ ಕಲ್ಲು, ಎಲ್ಲವನ್ನೂ ಬಿಡದೆ ಹೇಳಿದೆ. ನನ್ನನ್ನು ಕಳಿಸಿದ ಕಂಪನಿಯ ಹೆಸರನ್ನೂ ಹೇಳಿದೆ. ಧನ್ಯವಾದ ಹೇಳುತ್ತಾರೆ, ಕಣ್ಣು ತುಂಬಿಕೊಳ್ಳುತ್ತಾರೆ ಎಂದೆಲ್ಲ ನಾನು ಅಂದುಕೊಂಡಿದ್ದರೆ ಅದು ನನ್ನ ಹುಚ್ಚು.

"ನೋಡ್ದೇನ್ಲಾ? ನಾನ್ ಹೇಳ್ಲಿಲ್ವಾ?" ಎಂದು ಅಮ್ಮ ಕುರಿಗಾಹಿಯತ್ತ ತಿರುಗಿದರು.

"ನೀನ್ ಹೇಳಿದ್ದೆ ಕಣಕ್ಕ," ಎಂದ ಅವನು, ನನ್ನನ್ನು ನೋಡದೆ.

"ಇನ್ನೊಬ್ಬರು ಬರಬಹುದು ಅಮ್ಮ. ಈ ಸಲ ಕೆಂಪು ಬಣ್ಣ ತರದೆಯೂ ಇರಬಹುದು," ಎಂದೆ.

"ಬರ್ಲಿ. ಬಣ್ಣ ನೋಡಾಕಿಲ್ಲ ಇನ್ಮ್ಯಾಕೆ. ಮನೆ ಎಷ್ಟು ದೂರ ಅಂತ ಕೇಳ್ತಾನಾ, ಕಲ್ಲು ಒಡ್ದು ನೋಡ್ತಾನಾ, ಅದ ನೋಡ್ತೀವಿ. ಪಂಚಾಯ್ತಿಲೂ ಹೇಳಿಡ್ತೀನಿ. ಅಷ್ಟು ತಿಳಿಸ್ಕೊಟ್ಯಲ್ಲ, ಸಾಕು." ಇದಕ್ಕಿಂತ ಹೆಚ್ಚಿನ ಮೆಚ್ಚುಗೆ ಆ ಹೆಂಗಸಿನಿಂದ ಬಂದಿದ್ದರೆ ನಾನೇ ಅನುಮಾನಿಸುತ್ತಿದ್ದೆ.

ಸಂಜೆ ಟರ್ಪೆಂಟೈನ್ ಮತ್ತು ತಂತಿ ಬ್ರಷ್ಷು ತೆಗೆದುಕೊಂಡು ಗುರುತುಗಳನ್ನು ಅಳಿಸಲು ಹೋದೆ. ಬಳಿಯುವುದಕ್ಕಿಂತ ತೆಗೆಯುವುದು ಕಷ್ಟ. ಕಲ್ಲಿನ ರಂಧ್ರಕ್ಕೆ ಇಳಿದ ಬಣ್ಣ ಸುಲಭಕ್ಕೆ ಬಿಡುವುದಿಲ್ಲ. ಸ್ವಲ್ಪ ಹೊತ್ತಿಗೆ ಅಮ್ಮನೂ ಬಂದು ಪಕ್ಕದಲ್ಲಿ ಕೂತರು. ಇಬ್ಬರೂ ತಿಕ್ಕಿದೆವು. ನಾನು ಸರಿಯಾಗಿ ಹೋಯಿತು ಎಂದು ಬಿಟ್ಟ ಗುರುತನ್ನೂ ಅವರು ಇನ್ನೊಮ್ಮೆ ತಿಕ್ಕಿದರು. ನನ್ನನ್ನು ನಂಬಿ ಬಂದದ್ದಲ್ಲ, ಪೂರ್ತಿ ಅಳಿಸುತ್ತೇನೋ ಇಲ್ಲವೋ ನೋಡಲು ಬಂದದ್ದು ಎಂದು ಆಗ ಗೊತ್ತಾಯಿತು. ಒಳ್ಳೆಯ ಮೇಲ್ವಿಚಾರಣೆ, ನಾನಾಗಿದ್ದರೂ ಹಾಗೆಯೇ ಮಾಡುತ್ತಿದ್ದೆ.

ಮರುದಿನ ಮುಂಜಾನೆ ಬ್ಯಾಗು ಕಟ್ಟುತ್ತಿದ್ದಾಗ ಕುರಿಗಾಹಿ ಕೋಣೆಯ ಬಾಗಿಲಿಗೆ ಬಂದ.

"ಮೇಡಮ್ಮೋರೆ, ಬಣ್ಣ ಉಳ್ದೈತಾ?"

"ಯಾಕೆ?" ಎಂದೆ ಥಟ್ಟನೆ.

"ಉಳ್ದಿದ್ರೆ ಬುಟ್ಟೋಗಿ. ಊರಿಂದ ಹೊರಕ್ಕೆ ಹೋಗದು ಬ್ಯಾಡ ಅದು."

ಡಬ್ಬಿಯನ್ನೂ ಬ್ರಷ್ಷನ್ನೂ ಕೊಟ್ಟೆ. ಅವನು ಮುಚ್ಚಳ ತೆಗೆದು, ಎಷ್ಟಿದೆ ಎಂದು ನೋಡಿಕೊಂಡು ಹೋದ. ಬಸ್ಸು ಎಂದಿನಂತೆ ತಡವಾಗಿ, ಬಿಸಿಲೇರಿದ ಮೇಲೆ ಬಂತು. ಜಗಲಿಯ ಮೇಲಿನವರು ಈ ಸಲವೂ ಬ್ಯಾಗನ್ನೇ ನೋಡಿದರು. ಪಕ್ಕದ ಜೇಬು ಖಾಲಿ ಇರುವುದನ್ನು ನೋಡಿ ಒಬ್ಬರು ಸ್ವಲ್ಪ ತಲೆಯಾಡಿಸಿದರು.

ಊರು ದಾಟಿ ರಸ್ತೆ ತಿರುಗುವಲ್ಲಿ ಅರೆಯ ಇಡೀ ಮೈ ಒಮ್ಮೆ ಕಾಣುತ್ತದೆ. ಕಿಟಕಿಯಿಂದ ಇಣುಕಿ ನೋಡಿದೆ. ಬಂಡೆಯ ಮೇಲೆ, ನಾವು ತಿಕ್ಕಿ ತಿಕ್ಕಿ ಅಳಿಸಿದ ಜಾಗದಲ್ಲೇ, ಮತ್ತೆ ಕೆಂಪು ಬೊಟ್ಟುಗಳು. ಒಂದೆರಡಲ್ಲ, ಬಂಡೆಯ ತುಂಬ. ಅಷ್ಟು ಬೇಗ ಬೇರೆಯವರನ್ನು ಕಳಿಸಿಬಿಟ್ಟರೇ? ಬಸ್ಸು ನಿಲ್ಲಿಸಿ ಎಂದು ಕೂಗಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಒಂದು ಬೊಟ್ಟು ಜಿಗಿಯಿತು.

ಹಿಂದೆ ಕಂಬಳಿ ಹೊದ್ದವನೊಬ್ಬ ಕೋಲು ಬೀಸಿದ. ಬೆನ್ನಿನ ಮೇಲೆ ಅಂಗೈಯಷ್ಟು ಕೆಂಪು ಬಳಿಸಿಕೊಂಡ ಕುರಿಗಳೆಲ್ಲ ಸಾಲು ಕಟ್ಟಿ, ಎರಡು ಗುಂಡುಗಳ ನಡುವೆ ನುಸುಳಿ, ದೊಣೆಯ ಕಡೆ ಹೋದವು.